ಎಚ್ಚರಿಕೆ ನೀಡಿ ಬಿಡುಗಡೆ

ಜೂನ್ 9, 2025, ಸೋಮವಾರ

ಹಾಸ್ಟೆಲಿನಿಂದ ಇವತ್ತು ಮಧ್ಯಾಹ್ನಕ್ಕೇ ಮನೆಗೆ ಬಂದೆ. ಅಡುಗೆ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಜ್ವರ ಬಂದ ದಿನ ಬಿಟ್ಟರೆ ಹೀಗೆ ಬಂದದ್ದಿಲ್ಲ.

ಯಳಂದೂರಿನ ನಮ್ಮ ಹಾಸ್ಟೆಲಿಗೆ ಕೆಲಸದವರನ್ನು ಕೊಡುವ ಏಜೆನ್ಸಿ ಈ ವರ್ಷ ಬದಲಾಗಿದೆ. ಹೊಸ ಏಜೆನ್ಸಿಯ ಸೂಪರ್‌ವೈಸರ್ ಮಾದೇಶ್ ಅಡುಗೆಮನೆಯ ಬಾಗಿಲಲ್ಲೇ ನಿಂತು ನಮಗೆಲ್ಲ ಒಂದೊಂದು ಹಾಳೆ ಕೊಟ್ಟ. ಹೆಣ್ಣುಮಕ್ಕಳ ಹಾಸ್ಟೆಲ್ ಆದ್ದರಿಂದ ಎಲ್ಲರೂ ಪೊಲೀಸ್ ವೆರಿಫಿಕೇಶನ್ ಪತ್ರ ತರಬೇಕಂತೆ.

"ನಿಮ್ಗೇನ್ ಯೋಚ್ನೆ ಲಕ್ಷ್ಮಕ್ಕ? ಮೊಬೈಲಲ್ಲಿ ಅರ್ಜಿ ಆಕುದ್ರೆ ವಾರ್ದಲ್ಲೇ ಬತ್ತದೆ. ಬರೋಗಂಟ ಮನೇಲಿರಿ. ಜುಲೈ ಹದಿನೈದು ಕಡೇ ದಿನ."

ಯೋಚನೆಯೇನಿಲ್ಲ. ಹದಿಮೂರು ವರ್ಷದ ಹಿಂದೆ ನನ್ನ ಮೇಲೆ ಒಂದು ಸಣ್ಣ ಕೇಸಾಗಿತ್ತು. ಮಗ್ಗದ ಮನೆಯಲ್ಲಿ ನನ್ನ ಪಕ್ಕ ನೇಯುತ್ತಿದ್ದ ಚನ್ನಾಜಮ್ಮನ ಸೀರೆಯ ದಾರ ಕಡಿದುಹೋಗಿತ್ತು, ಅವಳು ನನ್ನ ಹೆಸರು ಹೇಳಿ ದೂರು ಕೊಟ್ಟಳು. ಒಂದು ದಿನ ಕೋರ್ಟಿಗೆ ಹೋದೆ, ಹಣ ಕಟ್ಟಿದೆ, ಬಂದೆ. ಮುಗಿದುಹೋದ ವಿಷಯ ಅದು.

ಮಗಳು ಇಂಚರಳಿಗೆ ಕಾಲೇಜಿನಲ್ಲಿ ಯಾರೋ ಕೊಟ್ಟ ಡೈರಿ ಇದು. ಖಾಲಿ ಬಿದ್ದಿತ್ತು. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ.

ಜೂನ್ 11

ಇಂಚರ ಅವಳ ಮೊಬೈಲಿನಲ್ಲೇ ಅರ್ಜಿ ತುಂಬಿದಳು. ನನ್ನ ಫೋಟೊ ಮೂರು ಸಲ ತೆಗೆದಳು. ಮೂರರಲ್ಲೂ ನಾನು ಬೈಸಿಕೊಂಡವಳ ಹಾಗೆ ಕಾಣುತ್ತೇನಂತೆ.

"ಅಮ್ಮ, ಯಾವುದಾದ್ರೂ ಕ್ರಿಮಿನಲ್ ಕೇಸ್ ಇದ್ಯಾ ಅಂತ ಕೇಳ್ತಿದೆ," ಎಂದು ನಕ್ಕಳು.

"ಇಲ್ಲ ಅಂತ ಒತ್ತು," ಅಂದೆ. ಒತ್ತಿದಳು.

ಜೂನ್ 20, ಶುಕ್ರವಾರ

ಬಂತು.

ನಾನು ಬಟ್ಟೆ ಒಗೆಯುತ್ತಿದ್ದೆ. ಇಂಚರ ಹಿತ್ತಲಿಗೆ ಬಂದು ಫೋನು ನೋಡುತ್ತ ನಿಂತಳು. ಎರಡು ಸಲ ಓದಿಕೊಂಡಳೆಂದು ಕಾಣುತ್ತದೆ.

"ನಿನ್ನ ಮೇಲೆ ಕೇಸಿತ್ತು ಅಂತಿದೆ. ಕೋರ್ಟಲ್ಲಿ ತಪ್ಪು ಸಾಬೀತಾಗಿದೆ ಅಂತಿದೆ."

"ಬೇರೆ ಯಾರೋ ಲಕ್ಷ್ಮಿದೇವಿ ಇರ್ಬೇಕು ಕಣವ್ವ."

"ಗಂಡನ ಹೆಸ್ರು ಉಮೇಶ್ ಅಂತಿದೆ. ಬೀದಿನೂ ನಮ್ದೇ."

ನಾನು ಬಕೆಟ್ಟಿನ ನೀರು ಬದಲಿಸಿದೆ. ಅವಳು ಅಲ್ಲೇ ನಿಂತಿದ್ದಳು. ಮಗ್ಗದ ಮನೆಯಲ್ಲಿ ಯಾವುದೋ ಜಗಳ, ಅವಳು ಆಗ ಆರು ವರ್ಷದವಳು, ಹೊಟ್ಟೆಕಿಚ್ಚಿನ ಹೆಂಗಸೊಬ್ಬಳು ನನ್ನ ಮೇಲೆ ಸುಳ್ಳು ದೂರು ಕೊಟ್ಟಳು ಎಂದು ಹೇಳಿದೆ.

"ಸುಳ್ಳು ದೂರು ಅಂದ್ರೆ ಮತ್ತೆ ತಪ್ಪು ಅಂತ ಯಾಕೆ ಒಪ್ಕೊಂಡೆ?"

"ನಿಂಗೆ ಗೊತ್ತಾಗಲ್ಲ."

ಒಳಗೆ ಹೋದಳು. ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದೆ.

ಜೂನ್ 24

ಗಂಡನ ಮಾತಿಗೆ ವಕೀಲ ಶಿವನಂಜಯ್ಯನವರ ಹತ್ತಿರ ಹೋದೆವು. ಪೆಟ್ರೋಲ್ ಬಂಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಅವರೂ ಬಂದರು. ವಕೀಲರಿಗೆ ವಯಸ್ಸಾಗಿದೆ, ನಿಧಾನವಾಗಿ ಮಾತಾಡುತ್ತಾರೆ.

"ಇನ್ನೊಬ್ಬರ ಆಸ್ತಿಗೆ ಹಾನಿ ಮಾಡಿದ ಕೇಸು. ತಪ್ಪು ಒಪ್ಪಿಕೊಂಡಿದ್ದೀರಿ. ದಂಡ ಹಾಕಿದರಾ, ಎಚ್ಚರಿಕೆ ಕೊಟ್ಟು ಬಿಟ್ಟರಾ?"

"ಜಡ್ಜ್ ಸಾಹೇಬ್ರು ಬೈದ್ರು. ಒಂದಷ್ಟು ದುಡ್ಡು ಕಟ್ಟಿದ್ವಿ ಸಾ," ಎಂದೆ.

"ಬೈದದ್ದು ಎಚ್ಚರಿಕೆ ಅಂತ ಆದೇಶದಲ್ಲಿದ್ದರೆ ನೀವು ಬಚಾವ್. ಮೊದಲ ತಪ್ಪಿಗೆ ಹಾಗೆ ಬಿಟ್ಟವರಿಗೆ ಅದರಿಂದ ಕೆಲಸಕ್ಕೆ ಅಡ್ಡಿ ಆಗಬಾರದು ಅಂತ ಕಾನೂನೇ ಇದೆ. ಬರೀ ದಂಡ ಆಗಿದ್ದರೆ ಕಷ್ಟ. ಆದೇಶದ ಪ್ರತಿ ಎಲ್ಲಿ?"

ಗಂಡ ನನ್ನ ಮುಖ ನೋಡಿದರು. ಆ ಕಾಗದವನ್ನು ನಾನು ಮನೆಗೆ ಬಂದ ದಿನವೇ ಒಲೆಗೆ ಹಾಕಿದ್ದೆ. ಅವರಿಗೆ ಗೊತ್ತು. ಹೇಳಲಿಲ್ಲ.

ವಕೀಲರು ಕೋರ್ಟಿನಿಂದ ಪ್ರತಿ ಕೇಳಿ ಅರ್ಜಿ ಹಾಕಿದ್ದಾರೆ.

ಜುಲೈ 2

ಸಣ್ಣ ಕೇಸುಗಳ ಕಡತಗಳನ್ನು ಇಷ್ಟು ವರ್ಷ ಇಡುವುದಿಲ್ಲವಂತೆ. ಅವಧಿ ಮುಗಿದಿದೆ, ನಿಯಮದ ಪ್ರಕಾರ ನಾಶವಾಗಿದೆ.

ಅಂದರೆ ನಾನು ತಪ್ಪಿತಸ್ಥೆ ಎನ್ನುವುದು ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಉಳಿದಿದೆ, ನನ್ನನ್ನು ಹೇಗೆ ಬಿಟ್ಟರು ಎನ್ನುವ ಕಾಗದ ಮಾತ್ರ ಇಲ್ಲ. ಬಾಗಿಲು ಉಳಿಸಿಕೊಂಡು ಬೀಗದ ಕೈ ಎಸೆದ ಹಾಗಾಯಿತು.

"ದೂರು ಕೊಟ್ಟವರು ಇದ್ದಾರಾ?" ಎಂದು ವಕೀಲರು ಕೇಳಿದರು. "ಒಮ್ಮೊಮ್ಮೆ ಅವರೂ ಪ್ರತಿ ತೆಗೆದುಕೊಂಡಿರುತ್ತಾರೆ."

ಚನ್ನಾಜಮ್ಮ ಈಗ ಕಾಮಗೆರೆಯಲ್ಲಿ ತಮ್ಮನ ಮನೆಯ ಪಕ್ಕ ಇದ್ದಾಳೆಂದು ಗಂಡ ಹೇಳಿದರು. ಆ ತಮ್ಮ ಬಂಕಿಗೆ ಬರುತ್ತಿರುತ್ತಾನಂತೆ.

ಜುಲೈ 3

ಹೋಗುವುದಿಲ್ಲ.

ಜುಲೈ 5, ಶನಿವಾರ

ಪಕ್ಕದ ಮನೆಯ ರಾಮಮ್ಮ ನಿನ್ನೆ ಗೋಡೆಯಾಚೆಯಿಂದ ಕೂಗಿ ಕೇಳಿದಳು: "ಏನಮ್ಮಿ, ತಿಂಗ್ಳಾಯ್ತು ಮನೇಲೇ ಇದ್ದೀಯಲ್ಲ, ಕೆಲ್ಸ ಬುಟ್ಬುಟ್ಯಾ?" ಅದಕ್ಕೆ ಇವತ್ತು ಬೆಳಿಗ್ಗೆ ಏಳಕ್ಕೆ ಎಂದಿನಂತೆ ಚೀಲ ಹಿಡಿದು, ತಲೆ ಬಾಚಿ, ಅವಳ ಮನೆ ಮುಂದೆಯೇ ನಡೆದು ಬಸ್ ನಿಲ್ದಾಣಕ್ಕೆ ಹೋದೆ. ಯಳಂದೂರಿನ ಬಸ್ಸು ಬಂತು. ಹೋಯಿತು. ಇನ್ನೊಂದು ಬಂತು. ಕಂಡಕ್ಟರು ನನ್ನ ಗುರುತು ಹಿಡಿದು, "ಬತ್ತೀರಾ ಅಕ್ಕ?" ಎಂದ. "ಯಾರ್ಗೋ ಕಾಯ್ತಿವ್ನಿ," ಎಂದೆ. ಹತ್ತು ಗಂಟೆಯವರೆಗೆ ಕೂತು ಹಿಂದಿನ ಬೀದಿಯಿಂದ ಮನೆಗೆ ಬಂದೆ. ಹಾಸ್ಟೆಲಿನಲ್ಲಿ ಶನಿವಾರ ಚಿತ್ರಾನ್ನ. ಹೊಸಬಳು ಯಾರೋ ಬಂದಿದ್ದಾಳಂತೆ, ಅನ್ನ ಮುದ್ದೆ ಮಾಡುತ್ತಾಳಂತೆ.

ಬೆಂಚಿನ ಮೇಲೆ ಕೂತಿದ್ದಾಗ ಹಳೆಯದೆಲ್ಲ ನೆನಪಾಯಿತು. ನಾನು ಸತ್ತೇಗಾಲದಲ್ಲಿ ನಾಟಿ ಹಾಕಿ ಬೆಳೆದವಳು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಮಗ್ಗ ನೋಡಿದ್ದು. ಕೂರುವುದು, ಕಾಲಲ್ಲಿ ತುಳಿಯುವುದು, ಲಾಳಿ ಎಸೆಯುವುದು, ಎಲ್ಲ ಹೇಳಿಕೊಟ್ಟವಳು ಚನ್ನಾಜಮ್ಮನೇ. ಆ ಮಗ್ಗದ ಮನೆಯ ಶೆಡ್ಡಿನಲ್ಲಿ ಅವಳ ಮಗ್ಗದ ಪಕ್ಕ ನನ್ನದು. ನಾಲ್ಕು ವರ್ಷವಾದ ಮೇಲೆ ರೇಷ್ಮೆ ಕೊಡುವ ಸಾಹುಕಾರರು ಒಂದು ಮದುವೆ ಸೀರೆ ನನಗೆ ಕೊಡುತ್ತೇನೆಂದಿದ್ದರು. ಚನ್ನಾಜಮ್ಮ ಅವರ ಕಿವಿಗೆ ಏನೋ ಊದಿ ತಾನೇ ಇಸಿದುಕೊಂಡಳು. ಆಮೇಲೆ ಒಂದು ದಿನ ಕೈಯಲ್ಲಿ ಕತ್ತರಿ ಇತ್ತು, ಅವಳ ಮಗ್ಗದ ಹಾಸಿನ ಎಳೆಗೆ ತಾಗಿತು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದ ದಾರ. ಒಂದು ಎಳೆ ಹೋದರೆ ಪಕ್ಕದ್ದೂ ಹೋಗುತ್ತದೆ.

ಜುಲೈ 8

ಕಾಮಗೆರೆಗೆ ಹೋಗಿ ಬಂದೆ.

ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದು ಕೇಳಿದೆ. "ಕುಚ್ಚು ಕಟ್ಟೋ ಅಮ್ಮನಾ?" ಎಂದು ಒಬ್ಬರು ಮನೆ ತೋರಿಸಿದರು. ಜಗುಲಿಯ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಯಾರದೋ ರೇಷ್ಮೆ ಸೀರೆಯ ಸೆರಗು, ಅದರ ತುದಿಯ ದಾರಗಳನ್ನು ಗಂಟು ಹಾಕುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿದಳು, ಗಂಟು ಮುಗಿಸಿದಳು.

"ಕೂತ್ಕ," ಎಂದಳು.

ನೀರು ಕೊಡಲಿಲ್ಲ. ನಾನು ಹಾಸ್ಟೆಲ್, ಏಜೆನ್ಸಿ, ವಕೀಲರು ಎಲ್ಲ ಹೇಳಿದೆ. ಕೇಳಿಸಿಕೊಂಡಳು.

"ಕಾಗ್ದ ಅದೆ. ಕೊಡಕ್ಕಿಲ್ಲ."

"ಅಕ್ಕ, ಹದಿಮೂರು ವರ್ಸ ಆಯ್ತು."

"ಅದ್ನ ಯಾಕ್ ಮಡಿಕಂಡಿವ್ನಿ ಗೊತ್ತಾ? ನೀನ್ ಕುಯ್ದಾದ್ಮೇಲೆ ಸಾವ್ಕಾರ ಏನಂದ ಗೊತ್ತಾ? ನೀವ್ ಎಂಗಸ್ರು ಸೇರ್ಕಂಡು ರೇಸ್ಮೆ ಮಾರ್ಕಂಡು ಕತೆ ಕಟ್ತೀರ ಅಂದ. ನಂಗಂದ! ಮೂವತ್ತೊರ್ಸ ಅವ್ನ ರೇಸ್ಮೆ ನೇಯ್ದ ನಂಗೆ. ಅದ್ಕೇ ಕೋರ್ಟಿಂದ ಕಾಗ್ದ ಈಸ್ಕಂಡು ಓಗಿ ತೋರುಸ್ದೆ. ಓದ್ದ. ಸರಿ ಬುಡಮ್ಮ ಅಂದ. ಅಷ್ಟೆಯಾ. ಆಮೇಲೆ ಒಂದೆಳೆ ರೇಸ್ಮೆ ಕೊಡ್ಲಿಲ್ಲ." ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ನಾನ್ ಕಳ್ಳಿ ಅಲ್ಲ ಅನ್ನದು ಈ ಲೋಕದಲ್ಲಿ ಆ ಕಾಗ್ದದಲ್ ಮಾತ್ರ ಅದೆ. ನಿನ್ ಎಸ್ರು ಅಳ್ಸಕ್ಕೆ ಅದ್ನ ಕೊಡ್ಬೇಕಾ?"

ನಾನು, "ಕೋಪದಲ್ಲಿ ಆಗೋಯ್ತಕ್ಕ," ಎಂದೆ.

"ಆಗೋಯ್ತಾ? ಮಳೆ ಆಯ್ತದೆ, ಬೆಳೆ ಆಯ್ತದೆ. ಅದು ಆಗಿದ್ದಾ?"

ಎದ್ದು ಬಂದೆ. ಬಸ್ಸಿಗೆ ಒಂದು ಗಂಟೆ ನಿಂತೆ. ಕೆಟ್ಟ ಹೆಂಗಸು. ಇಷ್ಟು ವರ್ಷವಾದರೂ ಬಿಡಲಿಲ್ಲ.

ಜುಲೈ 9

ಇಂಚರ ನನ್ನ ಜೊತೆ ಮಾತಾಡುತ್ತಿಲ್ಲ. ತಟ್ಟೆ ತೊಳೆದು ಇಡುತ್ತಾಳೆ, ಕಸ ಗುಡಿಸುತ್ತಾಳೆ, ಎಲ್ಲ ಮಾಡುತ್ತಾಳೆ. ಈ ಮನೆಗೆ ಒಂದೇ ಕೋಣೆ, ಒಂದು ಅಡುಗೆಮನೆ. ಮಾತು ಬಿಟ್ಟವರು ಇಷ್ಟು ಜಾಗದಲ್ಲಿ ಹೇಗೆ ಓಡಾಡುವುದು. ಅವಳು ಒಳಗೆ ಬಂದರೆ ನಾನು ಹಿತ್ತಲಿಗೆ, ನಾನು ಒಳಗೆ ಬಂದರೆ ಅವಳು ಬಾಗಿಲಿಗೆ.

ಜುಲೈ 12, ಶನಿವಾರ

ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಇಂಚರ ಬಂದು ಎದುರಿಗೆ ನಿಂತಳು. ಕಾಲೇಜಿಗೆ ಹೊರಟವಳು ನನ್ನನ್ನು ನೋಡಿದ್ದಾಳೆ.

"ದಿನಾ ಇಲ್ಲಿ ಬಂದು ಕೂರ್ತೀಯಾ?"

ಪಕ್ಕದಲ್ಲಿ ಕೂತಳು. ಕಾಲೇಜಿಗೆ ಹೋಗೆಂದೆ, ಹೋಗಲಿಲ್ಲ. ಸುತ್ತ ಜನ, ಬಸ್ಸಿನ ಹಾರನ್ನು, ಮಾದಪ್ಪನ ಬೆಟ್ಟಕ್ಕೆ ಹೋಗುವವರ ಗಂಟು ಮೂಟೆ. ಅಲ್ಲೇ ಹೇಳಿದೆ.

ಅವತ್ತು ನಾನು ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋದೆ. ಬೀಗದ ಕೈ ನನ್ನ ಹತ್ತಿರವೂ ಒಂದಿತ್ತು. ಚನ್ನಾಜಮ್ಮನೇ ನಂಬಿ ಕೊಟ್ಟದ್ದು. ಅವಳ ಮಗ್ಗದ ಮೇಲೆ ಮದುವೆ ಸೀರೆ ಅರ್ಧ ಆಗಿತ್ತು, ಅರಗಿನ ಬಣ್ಣ, ಅಗಲದ ಜರಿ ಅಂಚು. ಅದರ ಹಿಂದೆ ಇನ್ನೆರಡು ಸೀರೆಗೆ ಆಗುವಷ್ಟು ಹಾಸು ಸುತ್ತಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ನೇಯಲಾರೆ ಎಂದು ಆಗಲೇ ಗೊತ್ತಾಯಿತು. ಜರಿ ಕತ್ತರಿಸುವ ಕತ್ತರಿ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ಕತ್ತರಿಸಿದೆ. ಒಂದೇ ಸಲಕ್ಕೆ ಆಗುವುದಿಲ್ಲ. ಬಿಗಿಯಾಗಿದ್ದ ಎಳೆಗಳು ಕತ್ತರಿ ತಾಗಿದೊಡನೆ ಹಿಂದಕ್ಕೆ ಸಿಡಿಯುತ್ತವೆ, ಸಣ್ಣ ಸದ್ದಾಗುತ್ತದೆ. ನಡುವೆ ಕೈ ನೋವು ಬಂದು ನಿಲ್ಲಿಸಿದೆ. ಆಮೇಲೆ ಉಳಿದದ್ದನ್ನೂ ಕತ್ತರಿಸಿದೆ. ಕತ್ತರಿಯನ್ನು ಅದರ ಜಾಗದಲ್ಲಿ ಇಟ್ಟು, ಬೀಗ ಹಾಕಿ ಮನೆಗೆ ಬಂದು ಇವಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದೆ.

"ಅವ್ರು ಸಾಹುಕಾರ್ರಿಗೆ ಏನು ಹೇಳಿದ್ರು ನಿನ್ನ ಬಗ್ಗೆ?" ಎಂದಳು ಇಂಚರ.

"ಕೈ ಇನ್ನೂ ಕೂತಿಲ್ಲ, ಅಂಚು ಸೊಟ್ಟ ಆಗ್ತದೆ, ಮದುವೆ ಸೀರೆ ಕೊಡಬೇಡಿ ಅಂದ್ರು."

"ಆಗ್ತಿತ್ತಾ?"

"ಆಗ್ತಿತ್ತು."

ಅವಳು ಹತ್ತೂವರೆಯ ಬಸ್ಸಿಗೆ ಕಾಲೇಜಿಗೆ ಹೋದಳು. ಇವತ್ತು ರಾಮಮ್ಮನ ಮನೆ ಮುಂದೆಯೇ ವಾಪಸು ಬಂದೆ, ಹಿಂದಿನ ಬೀದಿ ಸುತ್ತುವುದು ನೆನಪಾಗಲಿಲ್ಲ.

ಜುಲೈ 14

ಮತ್ತೆ ಕಾಮಗೆರೆ.

"ಇನ್ನೇನ್ ಉಳಿದದೆ?" ಎಂದಳು ಚನ್ನಾಜಮ್ಮ, ಬಾಗಿಲಿಗೆ ಅಡ್ಡ ನಿಂತು.

"ನಾನೇ ಕುಯ್ದೆ ಅಕ್ಕ. ಬೇಕೂ ಅಂತ್ಲೇ ಕುಯ್ದೆ. ನಡೂವೆ ನಿಲ್ಸಿ ಮತ್ತೆ ಕುಯ್ದೆ. ನೀವು ಸಾವ್ಕಾರ್ರಿಗೆ ಯೋಳಿದ್ದು ದಿಟವೇ."

ಅವಳು ಜಗುಲಿಯ ಕಂಬ ಹಿಡಿದು ನಿಧಾನವಾಗಿ ಕೂತಳು. ಮಂಡಿ ನೋವಿರಬೇಕು.

"ನಡೂವೆ ನಿಲ್ಸಿದ್ಯಾ?"

"ಊಂ."

"ಆಗ್ಲೇ ಓಗ್ಬುಟ್ಟಿದ್ರೆ ಅರ್ಧ ಸೀರೆ ಆದ್ರೂ ಉಳೀತಿತ್ತು."

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಯಿತು. ಆಮೇಲೆ ಒಳಗೆ ಹೋಗಿ ಒಂದು ಸೀರೆ ಡಬ್ಬಿ ತಂದಳು. ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಹಾಳೆ.

"ಜೆರಾಕ್ಸ್ ತಕ. ಅಸಲು ಕೊಡಕ್ಕಿಲ್ಲ."

ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು ಅಂಗಡಿಗೆ ನಡೆದಳು. ನಾನು ಹಿಂದೆ ಹೋದೆ. ಮೆಷಿನ್ನಿನ ಗಾಜಿನ ಮೇಲೆ ಹಾಳೆ ಇಟ್ಟವಳೂ ಅವಳೇ, ತೆಗೆದವಳೂ ಅವಳೇ. ಜೆರಾಕ್ಸ್ ನನ್ನ ಕೈಗೆ ಬಂದಾಗ ಬಿಸಿಯಾಗಿತ್ತು.

ಜುಲೈ 15

ವಕೀಲರು ಓದಿ, ಕನ್ನಡಕ ತೆಗೆದರು. "ಎಚ್ಚರಿಕೆ ನೀಡಿ ಬಿಡುಗಡೆ ಮಾಡಲಾಗಿದೆ. ಇದೇ ಬೇಕಿತ್ತು. ನೀವು ಕಟ್ಟಿದ್ದು ದಂಡವಲ್ಲ, ಆಕೆಗೆ ಪರಿಹಾರ."

ಕಡೇ ದಿನ ಇವತ್ತೇ. ಮಾದೇಶನಿಗೆ ಫೋನು ಮಾಡಿದೆ. "ನೋಡೋಣ ಅಕ್ಕ, ಮೇಲ್ನೋರ್ನ ಕೇಳ್ತೀನಿ," ಎಂದ. ಹಾಗೆಂದರೆ ಆಗುವುದಿಲ್ಲವೆಂದೇ ಅರ್ಥವಿರಬೇಕು.

ವಕೀಲರು ಎರಡು ದಾರಿ ಹೇಳಿದರು. ಈ ಪತ್ರ ಕೊಟ್ಟರೆ ಪೊಲೀಸರು ಪ್ರಮಾಣಪತ್ರ ಕೊಡಬಹುದು, ಆದರೆ ಕೇಸಿತ್ತು ಎನ್ನುವುದು ಅದರಲ್ಲಿ ಇದ್ದೇ ಇರುತ್ತದೆ. ಅದೂ ಬೇಡವೆಂದರೆ ಮೇಲಿನ ಕೋರ್ಟಿಗೆ ಹೋಗಬೇಕು, ತೀರ್ಪನ್ನೇ ರದ್ದು ಮಾಡಿಸಬೇಕು. ಕಡತ ಇಲ್ಲ, ಸಾಕ್ಷಿ ಇಲ್ಲ, ಆಕೆಗೂ ವಯಸ್ಸಾಗಿದೆ, ವಿರೋಧಿಸುವವರು ಯಾರೂ ಇಲ್ಲ. ಸ್ಲೇಟು ಒರೆಸಿದ ಹಾಗೆ ಆಗುತ್ತದಂತೆ.

ಗಂಡನಿಗೆ ಖುಷಿಯಾಗಿದೆ. ನನಗೂ ಆಗಿದೆ.

ಜುಲೈ 18

ಮೇಲಿನ ಕೋರ್ಟಿಗೆ ಕೊಡುವ ಅಫಿಡವಿಟ್ ಟೈಪಾಗಿ ಬಂದಿತ್ತು. ವಕೀಲರು ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು. ಓದಿದೆ. 'ನನಗೆ ಓದು ಬರಹ ಬಾರದು. ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಹೆದರಿ ತಪ್ಪೊಪ್ಪಿಕೊಂಡೆನು. ಸದರಿ ಕೃತ್ಯವನ್ನು ನಾನು ಎಸಗಿರುವುದಿಲ್ಲ.'

"ನಾನು ಎಸ್ಸೆಲ್ಸಿ ಪಾಸಾಗಿವ್ನಿ ಸಾ."

"ಅದನ್ನು ಯಾರೂ ನೋಡುವುದಿಲ್ಲಮ್ಮ."

"ಕೊನೇ ಸಾಲು ತೆಗೀರಿ."

"ಅದನ್ನು ತೆಗೆದರೆ ಅಪೀಲೇ ಇಲ್ಲ."

ಗಂಡ ಮೊಣಕೈಯಿಂದ ತಿವಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. ಪೊಲೀಸರಿಗೆ ಕೊಡುವ ಅರ್ಜಿಯನ್ನೇ ಬರೆದುಕೊಡಿ ಎಂದೆ. ಬಸವನ ಹುಳುವಿನ ಹಾಗೆ ಹೋಗುತ್ತದೆ ಅದು ಎಂದರು ವಕೀಲರು. ಹೋಗಲಿ ಎಂದೆ.

ಮನೆಗೆ ಬರುವವರೆಗೆ ಗಂಡ ಬೈದರು. "ಯಾರ್ಗೆ ಗೊತ್ತಾಯ್ತಿತ್ತು? ಯಾರ್ಗೆ?" ತಲೆನೋವು. ಕೆಲಸ ಹೋಯಿತೆಂದೇ ಲೆಕ್ಕ. ಅಷ್ಟು ಒಳ್ಳೆಯ ಅವಕಾಶ ಯಾಕೆ ಬಿಟ್ಟೆನೋ.

ಜುಲೈ 29

ಏನೂ ಇಲ್ಲ. ಸ್ಟೇಷನ್ನಿಗೆ ಹೋದರೆ ಜಿಲ್ಲಾ ಕಚೇರಿಗೆ ಕಳಿಸಿದ್ದೇವೆ ಎನ್ನುತ್ತಾರೆ. ಬಸ್ ನಿಲ್ದಾಣಕ್ಕೆ ಹೋಗಿ ಕೂರುವುದು ಬಿಟ್ಟಿದ್ದೇನೆ. ರಾಮಮ್ಮ ಕೇಳಿದಳು, ಕೆಲಸದಿಂದ ನಿಲ್ಲಿಸಿದ್ದಾರೆ ಎಂದೆ. ಯಾಕೆ ಎಂದಳು. ಹೇಳಿದೆ. ಇಡೀ ಬೀದಿಗೆ ಗೊತ್ತಾಗಿರಬೇಕು. ಹೊಸಲಿನಾಚೆ ಕಾಲಿಡಲು ಬೇಜಾರು.

ಆಗಸ್ಟ್ 7

ಪತ್ರ ಬಂತು. ಒಂದು ಪ್ರಕರಣ ದಾಖಲಾಗಿತ್ತು, ಎಚ್ಚರಿಕೆ ನೀಡಿ ಬಿಡುಗಡೆ ಮಾಡಲಾಗಿದೆ, ಕಾನೂನಿನ ಪ್ರಕಾರ ಇದರಿಂದ ಅನರ್ಹತೆ ಇಲ್ಲ, ಬೇರೆ ಪ್ರಕರಣಗಳಿಲ್ಲ. ಇಂಚರ ನಾಲ್ಕು ಪ್ರತಿ ತೆಗೆಸಿಕೊಂಡು ಬಂದಳು.

ಯಳಂದೂರಿನ ಜಾಗ ತುಂಬಿಹೋಗಿದೆ. ಮಾದೇಶ್ ಪತ್ರವನ್ನು ಮೇಲೆ ಕೆಳಗೆ ನೋಡಿ, "ಅನೂರ್ ಆಸ್ಟೆಲಲ್ಲಿ ಎಲ್ಪರ್ ಜಾಗ ಅದೆ. ಅಡ್ಗೆಯೋರಲ್ಲ, ಎಲ್ಪರ್. ಓಯ್ತೀರಾ?" ಎಂದ. ಒಂಬತ್ತು ವರ್ಷ ಸೌಟು ಹಿಡಿದವಳು ಇನ್ನು ಪಾತ್ರೆ ತಿಕ್ಕಬೇಕು. ಹೋಗುತ್ತೇನೆಂದೆ.

ಆಗಸ್ಟ್ 11

ಹನೂರು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ವಾಪಸು ಬರುವುದು ಸಂಜೆ ಏಳಕ್ಕೆ. ದಿನಾ ಎರಡು ಸಲ ಕಾಮಗೆರೆಯ ಮೇಲೇ ಬಸ್ಸು ಹೋಗುತ್ತದೆ, ಬೇರೆ ದಾರಿಯಿಲ್ಲ. ಬೆಳಿಗ್ಗೆ ಆ ಕಡೆಯ ಕಿಟಕಿ ಸಿಕ್ಕಿತ್ತು, ತಲೆ ತಗ್ಗಿಸಿ ಕೂತೆ. ಅಡುಗೆಯ ಚಿಕ್ಕಬಸಮ್ಮ ನನಗಿಂತ ಹತ್ತು ವರ್ಷ ಚಿಕ್ಕವಳು. ಅನ್ನಕ್ಕೆ ನೀರು ಹೆಚ್ಚು ಇಡುತ್ತಾಳೆ. ನಾನು ಬಾಯಿ ಬಿಡುವ ಹಾಗಿಲ್ಲ.

ಆಗಸ್ಟ್ 21, ಗುರುವಾರ

ಸಂಜೆಯ ಬಸ್ಸು ಹನೂರಿನಲ್ಲೇ ತುಂಬಿತ್ತು. ನನಗೆ ಸೀಟು ಸಿಕ್ಕಿತು. ಕಾಮಗೆರೆಯಲ್ಲಿ ಇನ್ನಷ್ಟು ಜನ ಹತ್ತಿದರು, ಕಂಡಕ್ಟರು ಎಲ್ಲರನ್ನೂ ಹಿಂದಕ್ಕೆ ತಳ್ಳುತ್ತ ಬಂದ. ತಳ್ಳಿಸಿಕೊಂಡು ನನ್ನ ಸೀಟಿನ ಪಕ್ಕಕ್ಕೆ ಬಂದವಳು ಚನ್ನಾಜಮ್ಮ. ಒಂದು ಕೈಯಲ್ಲಿ ದೊಡ್ಡ ಬಟ್ಟೆ ಚೀಲ, ಇನ್ನೊಂದರಲ್ಲಿ ಮೇಲಿನ ಕಂಬಿ. ಕುಚ್ಚು ಕಟ್ಟಿದ ಸೀರೆಗಳನ್ನು ಕೊಳ್ಳೇಗಾಲದ ಅಂಗಡಿಗೆ ಕೊಡಲು ಹೊರಟಿದ್ದಳು.

ನಾನು ಎದ್ದೆ. "ಕೂತ್ಕಳಿ ಅಕ್ಕ."

"ನೀನೇ ಕೂತ್ಕ. ದಿನಾ ನಿಂತು ದುಡ್ಯೋಳು." ಬಸ್ಸು ತಿರುವಿನಲ್ಲಿ ವಾಲಿತು. ಅವಳ ಚೀಲ ಯಾರದೋ ಮಂಡಿಗೆ ಬಡಿಯಿತು. ಒಂದು ಕ್ಷಣ ನನ್ನನ್ನು ನೋಡಿ, ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು.

"ಇಡ್ಕ. ಕೆಳಗ್ ಮಡಗ್ಬೇಡ, ರೇಸ್ಮೆ ಅವೆ."

ಎರಡೂ ಕೈಯಿಂದ ಹಿಡಿದುಕೊಂಡೆ. ಭಾರವಿತ್ತು. ಕೊಳ್ಳೇಗಾಲದವರೆಗೂ ಹಾಗೇ ಹಿಡಿದಿದ್ದೆ. ನಿಲ್ದಾಣದಲ್ಲಿ ಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು, ಜನರ ನಡುವೆ ದಾರಿ ಮಾಡಿಕೊಂಡು ಇಳಿದು ಹೋದಳು. ಸೀರೆಗಳು ಸರಿಯಾಗಿವೆಯೇ ಎಂದು ಚೀಲ ತೆಗೆದು ನೋಡಲಿಲ್ಲ.